ಅಗ್ಗದ ಡಕ್ಟ್ ಟೇಪ್ ಸರಿಯಾಗಿ ಅಂಟುವುದಿಲ್ಲವೇಕೆ?

ಪೈಪಿಗೆ ಸುತ್ತಿದ ಅಗ್ಗದ ಡಕ್ಟ್ ಟೇಪ್ ಎರಡೇ ದಿನದಲ್ಲಿ ಕಳಚಿತೆಂಬ ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ಮಳೆಗಾಲಕ್ಕೆ ಮುನ್ನ ಇಂಥದೇ ಸುರುಳಿಯೊಂದನ್ನು ಕೊಂಡು ನಾನೂ ಹಣ ಕಳೆದುಕೊಂಡಿದ್ದೇನೆ.

ಡಕ್ಟ್ ಟೇಪಿನಲ್ಲಿ ಮೇಲೆ ಪಾಲಿಥೀನ್ ಹಾಳೆ, ನಡುವೆ ನೂಲಿನ ಜಾಲರಿ, ಕೆಳಗೆ ಸಾಮಾನ್ಯವಾಗಿ ರಬ್ಬರಿನ ಅಂಟು ಇರುತ್ತದೆ. ಒತ್ತಿದಾಗ ಮೆಲ್ಲಗೆ ಹರಡಿ, ಮೇಲ್ಮೈಯ ಕಣ್ಣಿಗೆ ಕಾಣದ ಉಬ್ಬುತಗ್ಗುಗಳಿಗೆ ಇಳಿದು ಹಿಡಿದುಕೊಳ್ಳುವುದೇ ಈ ಅಂಟಿನ ಜೀವಾಳವಾದ್ದರಿಂದ, ಅದನ್ನು ತೆಳುವಾಗಿ ಬಳಿದ ಟೇಪು ಒರಟು ಗೋಡೆಯನ್ನಾಗಲಿ ತುಕ್ಕು ಹಿಡಿದ ಪೈಪನ್ನಾಗಲಿ ಹಿಡಿಯಲಾರದು. ಕೊಳ್ಳುವಾಗ ಟೇಪನ್ನು ಬೆಳಕಿಗೆ ಹಿಡಿದು ನೋಡಿ. ನೂಲುಗಳು ವಿರಳವಾಗಿದ್ದರೆ ಅದನ್ನು ಬಿಟ್ಟುಬಿಡುವುದು ಲೇಸು.

ಆದರೆ ಎಲ್ಲ ತಪ್ಪನ್ನೂ ಬೆಲೆಯ ಮೇಲೆ ಹೊರಿಸುವುದು ನ್ಯಾಯವಲ್ಲ. ಧೂಳು, ಎಣ್ಣೆ ಅಥವಾ ತೇವವಿದ್ದಲ್ಲಿ ದುಬಾರಿ ಟೇಪೂ ಸೋಲುತ್ತದೆ, ಪಾಲಿಥೀನಿನ ನೀರಿನ ಟ್ಯಾಂಕಿಗಂತೂ ಯಾವ ಅಂಟೂ ಸುಲಭವಾಗಿ ಹತ್ತುವುದಿಲ್ಲ. ಬಿಸಿ ಇನ್ನೊಂದು ಶತ್ರು: 1998ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯದ ಸಂಶೋಧಕರು ಗಾಳಿಕೊಳವೆಗಳ ಸಂದುಗಳನ್ನು ಮುಚ್ಚುವ ಬಗೆಬಗೆಯ ಸಾಧನಗಳನ್ನು ಪರೀಕ್ಷಿಸಿದಾಗ, ಹೆಸರಿನಲ್ಲೇ ಡಕ್ಟ್ (ಅಂದರೆ ಗಾಳಿಕೊಳವೆ) ಇರುವ ಬಟ್ಟೆಯ ಟೇಪೇ ಬೇಗ ವಿಫಲವಾಯಿತು.

ಮೇಲ್ಮೈಯನ್ನು ಸ್ಪಿರಿಟ್ಟಿನಿಂದ ಒರೆಸಿ, ಪೂರ್ತಿ ಒಣಗಿಸಿ, ಟೇಪನ್ನು ಎಳೆಯದೆ ಹಾಸಿ ಹೆಬ್ಬೆರಳಿನಿಂದ ಬಲವಾಗಿ ಉಜ್ಜಿ. ಸೋರುವ ಪೈಪಿಗೆ ಮಾತ್ರ ಡಕ್ಟ್ ಟೇಪನ್ನು ನಂಬಬೇಡಿ. ಎಳೆದು ಸುತ್ತಿದಾಗ ತನಗೆ ತಾನೇ ಬೆಸೆದುಕೊಳ್ಳುವ ಸಿಲಿಕೋನ್ ಟೇಪು ಪೈಪನ್ನು ಸರಿಪಡಿಸುವವರೆಗೆ ಹೆಚ್ಚು ಆಸರೆಯಾಗುತ್ತದೆ.