ಕೋಳಿ ಸಾರಿನ ಜೊತೆ ಪೊಯಾಕ್ ವೈನ್: ದಯವಿಟ್ಟು ಬೇಡ

ಫ್ರಾನ್ಸಿನ ಬೋರ್ಡೋ ನಗರದ ಹತ್ತಿರದ ಪೊಯಾಕ್ ಊರಿನ ಕೆಂಪು ವೈನ್ ತಂದಿದ್ದೀರಿ. ಬಾಟಲಿಯ ಹಿಂದಿನ ಚೀಟಿ ಹೇಳುವ ಬ್ಲ್ಯಾಕ್‌ಕರಂಟ್ ಹಣ್ಣಿನ, ದೇವದಾರು ಮರದ ಪರಿಮಳ ಯಾವುದೂ ನಾಲಿಗೆಗೆ ಸಿಗುತ್ತಿಲ್ಲ, ಬೋರ್ಡೋದ ಸಹಪಾಠಿಗಳಿಗೆ ಈ ವೈನನ್ನು ಕೋಳಿ ಸಾರಿನ ಜೊತೆ ಕೊಡಬಹುದೇ ಎಂದು ಕೇಳಿದ್ದೀರಿ. 2014ರಲ್ಲಿ, ಅದೇ ಊರಿನಲ್ಲಿ, ನಾನು ಅದನ್ನೇ ಮಾಡಿದ್ದೆ.

ಆಗ ನಾನು ಅಲ್ಲಿ ಸಂಶೋಧನಾ ವಿದ್ಯಾರ್ಥಿ. ಪ್ರಯೋಗಾಲಯದ ನಾಲ್ವರನ್ನು ಊಟಕ್ಕೆ ಕರೆದು, 38 ಯೂರೋ ಕೊಟ್ಟು 2010ರ ಪೊಯಾಕ್ ಬಾಟಲಿಯೊಂದನ್ನು ತಂದೆ. ಆ ತಿಂಗಳ ನನ್ನ ಲೆಕ್ಕದಲ್ಲಿ ಅದು ಸಣ್ಣ ಮೊತ್ತವಲ್ಲ. ಅಮ್ಮ ಕಟ್ಟಿಕೊಟ್ಟಿದ್ದ ಖಾರದ ಪುಡಿಯನ್ನು ಧಾರಾಳವಾಗಿ ಹಾಕಿ ಸಾರು ಮಾಡಿದೆ. ಗಟ್ಟಿ ಊಟಕ್ಕೆ ಗಟ್ಟಿ ವೈನ್ ಸರಿಹೋಗುತ್ತದೆ ಎಂದುಕೊಂಡಿದ್ದೆ. ಮೊದಲ ತುತ್ತಿನ ಮೇಲೆ ಒಂದು ಗುಟುಕು ಕುಡಿದವರೆಲ್ಲ ನೀರಿನ ಜಗ್ಗಿಗೆ ಕೈಚಾಚಿದರು. ಬಾಟಲಿಯ ಮುಕ್ಕಾಲು ಭಾಗ ಹಾಗೆಯೇ ಉಳಿಯಿತು.

ಆದ ತಪ್ಪನ್ನು ಸ್ವಲ್ಪ ಉದ್ದವಾಗಿಯೇ ಹೇಳಬೇಕು. ಪೊಯಾಕ್ ಇರುವುದು ಜಿರೊಂಡ್ ನದೀಮುಖದ ಎಡದಂಡೆಯ ಜಲ್ಲಿ ನೆಲದಲ್ಲಿ. ಅಲ್ಲಿಯ ಮುಖ್ಯ ಬೆಳೆಯಾದ ಕ್ಯಾಬರ್ನೆ ಸೊವಿನ್ಯೋ ದ್ರಾಕ್ಷಿಯ ಹಣ್ಣು ಸಣ್ಣದು, ಸಿಪ್ಪೆ ದಪ್ಪ. ಆ ಸಿಪ್ಪೆ ಮತ್ತು ಬೀಜಗಳಿಂದ ಟ್ಯಾನಿನ್ ಹೇರಳವಾಗಿ ವೈನಿಗೆ ಇಳಿಯುತ್ತದೆ. ಅದು ಕೊಡುವ ಅನುಭವಕ್ಕೆ ನಮ್ಮಲ್ಲಿ ಒಂದೇ ಮಾತು ಸಾಕು: ಒಗರು. ಹಸಿ ಬಾಳೆಕಾಯಿ ಕಚ್ಚಿದಾಗ ಬಾಯಿ ಹಿಡಿದುಕೊಳ್ಳುವಂತೆ, ಟ್ಯಾನಿನ್ ಜೊಲ್ಲಿನ ಪ್ರೋಟೀನುಗಳಿಗೆ ಅಂಟಿಕೊಂಡು ನಾಲಿಗೆಯ ಜಾರುತನವನ್ನೇ ಕಸಿಯುತ್ತದೆ. ಇತ್ತ ಮೆಣಸಿನಕಾಯಿಯ ಖಾರವೆಂಬುದು ವಾಸ್ತವದಲ್ಲಿ ರುಚಿಯಲ್ಲ, ಉರಿ. ಬಾಯಲ್ಲಿ ಬಿಸಿಯನ್ನು ಗುರುತಿಸುವ ನರತುದಿಗಳನ್ನು ಅದು ಕೆರಳಿಸುತ್ತದೆ, ಮದ್ಯಸಾರವೂ ಅವುಗಳನ್ನೇ ಕೆರಳಿಸುತ್ತದೆ. ಹೀಗಾಗಿ ಶೇ. 13ಕ್ಕೂ ಹೆಚ್ಚು ಮದ್ಯಸಾರವಿದ್ದ ನನ್ನ ವೈನ್ ಉರಿಯುವ ಬೆಂಕಿಗೆ ತುಪ್ಪವಾಯಿತು, ಹಣ್ಣಿನ ಪರಿಮಳ ಆ ಉರಿಯಲ್ಲಿ ಕಳೆದುಹೋಯಿತು, ಉಳಿದದ್ದು ಒಗರೊಂದೇ. ಅದೂ ನಾಲ್ಕೇ ವರ್ಷದ ವೈನ್. ಆ ಒಗರು ಮೆತ್ತಗಾಗಲು ಇನ್ನೂ ಹಲವು ವರ್ಷ ಬೇಕಿತ್ತು.

ಮರುದಿನ ಉಳಿದ ವೈನನ್ನು, ಉಪ್ಪು ಬೆಳ್ಳುಳ್ಳಿಯಷ್ಟೇ ಹಾಕಿ ಹುರಿದ ಕುರಿಮರಿಯ ಚಾಪ್ಸ್ ಜೊತೆ ಒಬ್ಬನೇ ಕುಡಿದೆ. ಅದೇ ಬಾಟಲಿಯೆಂದು ನಂಬಲಾಗಲಿಲ್ಲ. ಮಾಂಸದ ಪ್ರೋಟೀನು, ಕೊಬ್ಬು, ಉಪ್ಪು ಮೂರೂ ಸೇರಿ ಒಗರನ್ನು ತಗ್ಗಿಸಿದ್ದವು. ಪೊಯಾಕ್ ತಾಯಿಹಾಲು ಕುಡಿದು ಬೆಳೆದ ಕುರಿಮರಿಯ ಮಾಂಸಕ್ಕೂ ಹೆಸರಾದ ಊರೆಂಬುದು ನನಗೆ ತಿಳಿದದ್ದು ಆಮೇಲೆ.

ಇನ್ನು ನಿಮ್ಮ ನಾಲಿಗೆಯಲ್ಲಿ ಯಾವ ದೋಷವೂ ಇಲ್ಲ. ತಿಂದೇ ಇರದ ಹಣ್ಣನ್ನು ಮೂಗು ಹೇಗೆ ಗುರುತಿಸೀತು? ಬ್ಲ್ಯಾಕ್‌ಕರಂಟ್ ನನಗೂ ಐಸ್‌ಕ್ರೀಮಿನ ಹೆಸರಾಗಿ ಮಾತ್ರ ಗೊತ್ತಿತ್ತು. ಆ ಜುಲೈ ತಿಂಗಳಲ್ಲಿ ಕಪ್ಯುಸಾಂ ಮಾರುಕಟ್ಟೆಯಿಂದ ಒಂದು ಪೊಟ್ಟಣ ತಂದು ತಿಂದ ಮೇಲೆಯೇ ವೈನಿನಲ್ಲಿ ಅದು ಸಿಕ್ಕಿತು. ದೇವದಾರು ಎಂದರೆ ಶಾಲೆಯಲ್ಲಿ ಪೆನ್ಸಿಲ್ ಹೆರೆದಾಗ ಬರುತ್ತಿದ್ದ ವಾಸನೆ, ಅದು ನಿಮಗೂ ಗೊತ್ತಿರುವಂಥದ್ದೇ. ದ್ರಾಕ್ಷಿ ಪೂರ್ತಿ ಮಾಗಿರದಿದ್ದರೆ ದೊಣ್ಣೆ ಮೆಣಸಿನಕಾಯಿಯ ವಾಸನೆಯೂ ಬರುತ್ತದೆ. ಚೀಟಿಯ ಮಾತನ್ನು ವೇದವಾಕ್ಯವೆಂದು ತಿಳಿಯಬೇಡಿ: ಬೋರ್ಡೋದಲ್ಲೇ ನಡೆದು 2001ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ವೈನ್ ಶಾಸ್ತ್ರವನ್ನೇ ಓದುತ್ತಿದ್ದ 54 ವಿದ್ಯಾರ್ಥಿಗಳು ಕೆಂಪು ಬಣ್ಣ ಬೆರೆಸಿದ ಬಿಳಿ ವೈನನ್ನು ಕೆಂಪು ವೈನಿನ ಪದಗಳಲ್ಲೇ ಬಣ್ಣಿಸಿದ್ದರು.

ಆದ್ದರಿಂದ ಕೋಳಿ ಸಾರಿಗೆ ಯಾವ ಕೆಂಪು ವೈನ್ ಎಂದು ಹುಡುಕುವುದನ್ನೇ ನಾನು ಒಪ್ಪುವುದಿಲ್ಲ. ಈ ಸಲ ಖಾರವಿಲ್ಲದ ಕುರಿ ಅಥವಾ ದನದ ಮಾಂಸ ಮಾಡಿ; ಮಾಂಸ ತಿನ್ನದವರಿಗೆ ಹಳೆಯ ಮಿಮೊಲೆಟ್ ಚೀಸ್ ಇಡಿ. ವೈನನ್ನು ಒಂದು ಗಂಟೆ ಮೊದಲೇ ಜಗ್ಗಿಗೆ ಸುರಿದು, 17 ಡಿಗ್ರಿಯ ಆಸುಪಾಸಿನಲ್ಲಿ ಕೊಡಿ. ಸಾರಿಗೆ ಬೇರೆ ದಿನ ಕರೆಯಿರಿ, ಆ ದಿನ ಮೇಜಿನ ಮೇಲೆ ತಣ್ಣನೆಯ ಮಜ್ಜಿಗೆ ಇರಲಿ.