ಅದಿರು ಇದ್ದಾಗಲೇ ಗಣಿ ಮುಚ್ಚಿದ ಊರುಗಳು

ಪ್ರಶ್ನೆ: ನಮ್ಮದು ಸಂಡೂರು ತಾಲ್ಲೂಕಿನ ಗಣಿ ಪಕ್ಕದ ಹಳ್ಳಿ. 2008ರ ಸುಮಾರಿಗೆ ಸಾಲ ಮಾಡಿ ಎರಡು ಟಿಪ್ಪರ್ ಕೊಂಡಿದ್ದೆವು. 2011ರಲ್ಲಿ ಗಣಿ ನಿಂತಾಗ ಫೈನಾನ್ಸ್‌ನವರು ಎರಡನ್ನೂ ಒಯ್ದರು. ಈಗ ಮತ್ತೆ ಗಣಿಗಳು ನಡೆಯುತ್ತಿವೆ. ಡಿಪ್ಲೊಮಾ ಕೊನೆಯ ವರ್ಷದಲ್ಲಿರುವ ಮಗ ಗಣಿಗೇ ಸೇರುತ್ತೇನೆ ಎನ್ನುತ್ತಾನೆ. ಅದಿರು ಇನ್ನೆಷ್ಟು ವರ್ಷ ಬಂದೀತು? ಮುಗಿದ ಮೇಲೆ ನಮ್ಮ ತಾಲ್ಲೂಕಿನ ಗತಿ ಏನು?

ಉತ್ತರ: ನಿಮ್ಮ ಟಿಪ್ಪರ್‌ಗಳು ಹೋದ ದಿನ ಬೆಟ್ಟದಲ್ಲಿ ಕಬ್ಬಿಣದ ಅದಿರು ಬೇಕಾದಷ್ಟಿತ್ತು. ಅದನ್ನು ಮೊದಲು ನೆನಪಿಗೆ ತಂದುಕೊಳ್ಳಿ. ‘ಇನ್ನೆಷ್ಟು ವರ್ಷ’ ಎಂದು ಭೂವಿಜ್ಞಾನಿಯನ್ನು ಕೇಳಿದರೆ ಅವರು ನಿಕ್ಷೇಪವನ್ನು ವಾರ್ಷಿಕ ಉತ್ಪಾದನೆಯಿಂದ ಭಾಗಿಸಿ ಒಂದು ಸಂಖ್ಯೆ ಕೊಡುತ್ತಾರೆ. ಆ ಸಂಖ್ಯೆಯನ್ನು ನಂಬಿ ಮನೆ ಕಟ್ಟಬೇಡಿ. ನಮ್ಮ ರಾಜ್ಯದಲ್ಲೇ ಗಣಿಯನ್ನು ನಂಬಿ ಕೆಟ್ಟ ಊರುಗಳ ಕಥೆ ನೋಡಿದರೆ, ಒಂದರಲ್ಲೂ ಖನಿಜ ಪೂರ್ತಿ ಬರಿದಾಗಿರಲಿಲ್ಲ.

ಕೋಲಾರದ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಆಗಲೂ ನೆಲದಡಿ ಚಿನ್ನ ಇತ್ತು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು ಅದನ್ನು ಮೇಲೆ ತರುವ ಖರ್ಚು ಅಂದಿನ ಚಿನ್ನದ ಬೆಲೆಯನ್ನು ಮೀರಿತ್ತು, ಅಷ್ಟೇ. ಕುದುರೆಮುಖದಲ್ಲಿ 2005ರ ಕೊನೆಗೆ ಗಣಿ ನಿಂತದ್ದು ಸುಪ್ರೀಂ ಕೋರ್ಟ್ ಆದೇಶದಿಂದ. ಅಲ್ಲಿಯೂ ಬೆಟ್ಟದಲ್ಲಿ ಅದಿರು ಉಳಿದಿತ್ತು. ಬಳ್ಳಾರಿಯದ್ದು ನಿಮಗೇ ಗೊತ್ತು. ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತ ವರದಿ ಬಂದ ತಿಂಗಳಿನಲ್ಲೇ, 2011ರ ಜುಲೈ 29ರಂದು, ನ್ಯಾಯಾಲಯ ಇಡೀ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿತು. ಗಣಿಗಳು ಷರತ್ತಿನ ಮೇಲೆ ಮತ್ತೆ ಆರಂಭವಾದಾಗ ಬಳ್ಳಾರಿಗೆ ವರ್ಷಕ್ಕೆ 2.5 ಕೋಟಿ ಟನ್‌ಗಳ ಮಿತಿ ಇತ್ತು. 2022ರಲ್ಲಿ ಅದು 3.5 ಕೋಟಿ ಟನ್‌ಗೆ ಏರಿತು. ಮಿತಿ ಏರಿದಾಗ ನಿಮ್ಮೂರಿನಲ್ಲಿ ಪಟಾಕಿ ಹೊಡೆದವರೂ ಇರಬಹುದು. ಬೆಟ್ಟ ಅಷ್ಟು ಬೇಗ ಕರಗುತ್ತದೆ ಎಂಬುದೂ ಅದೇ ಆದೇಶದ ಇನ್ನೊಂದು ಅರ್ಥ.

ಬೆಲೆಯ ಆಟ ಬೇರೆ ಇದೆ. ಚೀನಾ ಕೊಳ್ಳುತ್ತಿದ್ದ ಉಬ್ಬರದ ಕಾಲದಲ್ಲಿ, 2011ರ ಆರಂಭಕ್ಕೆ, ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಟನ್ ಅದಿರು 190 ಡಾಲರ್ ಆಸುಪಾಸಿಗೆ ಹೋಗಿತ್ತು. 2015ರ ಡಿಸೆಂಬರ್ ಹೊತ್ತಿಗೆ 40 ಡಾಲರ್‌ಗಿಂತ ಕೆಳಕ್ಕೆ ಬಿತ್ತು. ಇಂಥ ಏರಿಳಿತವನ್ನು ದೊಡ್ಡ ಕಂಪನಿ ತಾಳಿಕೊಳ್ಳುತ್ತದೆ. ತಿಂಗಳ ಕಂತು ಕಟ್ಟುವ ಟಿಪ್ಪರ್ ಮಾಲೀಕ ತಾಳಿಕೊಳ್ಳುವುದು ಹೇಗೆ?

ಇವೆಲ್ಲಕ್ಕಿಂತ ನನಗೆ ಹೆಚ್ಚು ಚಿಂತೆ ಹುಟ್ಟಿಸುವುದು ಸದ್ದಿಲ್ಲದೆ ನಡೆಯುತ್ತಿರುವ ಬದಲಾವಣೆ. ಗಣಿಯಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಈಗ ಕೊಳವೆಯಾಕಾರದ ಕನ್ವೇಯರ್ ಬೆಲ್ಟ್ ಹಾಕಲಾಗಿದೆ. ಧೂಳು ಕಡಿಮೆಯಾಗುತ್ತದೆ, ರಸ್ತೆಯಲ್ಲಿ ಸಾವು ಕಡಿಮೆಯಾಗುತ್ತದೆ, ಆ ದೃಷ್ಟಿಯಿಂದ ಒಳ್ಳೆಯದೇ. ಆದರೆ ಅದರ ಮೇಲೆ ಹೋದ ಪ್ರತಿ ಟನ್ ಅದಿರಿನೊಂದಿಗೆ ಚಾಲಕ, ಕ್ಲೀನರ್, ಪಂಕ್ಚರ್ ಅಂಗಡಿ, ದಾರಿಬದಿಯ ಖಾನಾವಳಿಯ ದುಡಿಮೆಯೂ ಹೋಗುತ್ತದೆ. ದೇಶಕ್ಕೆ ಉಕ್ಕು ಬೇಕೇ ಬೇಕು. 2017ರ ರಾಷ್ಟ್ರೀಯ ಉಕ್ಕು ನೀತಿ 2030-31ಕ್ಕೆ 30 ಕೋಟಿ ಟನ್ ಸಾಮರ್ಥ್ಯದ ಗುರಿ ಇಟ್ಟುಕೊಂಡಿದೆ. ಹಾಗಾಗಿ ಗಣಿ ಚೆನ್ನಾಗಿಯೇ ನಡೆಯುತ್ತಿರುತ್ತದೆ, ಊರಿನವರಿಗೆ ಅಲ್ಲಿ ಕೆಲಸ ಇರುವುದಿಲ್ಲ. ಸಂಡೂರು ಮೊದಲು ಎದುರಿಸಬೇಕಾಗಿರುವುದು ಇದನ್ನೇ.

ಮಗನ ವಿಷಯಕ್ಕೆ ಬರುತ್ತೇನೆ. ಗಣಿಗೆ ಸೇರಬಾರದು ಎಂದು ನಾನು ಹೇಳುವುದಿಲ್ಲ. ಗಣಿಯಲ್ಲಿ ಮಾತ್ರ ನಡೆಯುವ ಕೆಲಸವನ್ನು ಕಲಿಯುವುದು ಬೇಡ. ಹೈಡ್ರಾಲಿಕ್ಸ್, ವಿದ್ಯುತ್ ಮೋಟಾರು, ಉಪಕರಣಗಳ ನಿಯಂತ್ರಣ, ಕನ್ವೇಯರ್ ನಿರ್ವಹಣೆ ಕಲಿತವನು ಸಿಮೆಂಟ್ ಕಾರ್ಖಾನೆಗೂ ಬೇಕು, ಬಂದರಿಗೂ ಬೇಕು, ಗಾಳಿ ವಿದ್ಯುತ್ ಘಟಕಕ್ಕೂ ಬೇಕು. ಅದಿರಿನ ಜೊತೆಗೇ ಇರುವ ಆಸೆಯಿದ್ದರೆ ಕೆಳದರ್ಜೆಯ ಅದಿರನ್ನು ತೊಳೆದು, ಬೇರ್ಪಡಿಸಿ, ಬಳಕೆಗೆ ತರುವ ವಿದ್ಯೆಗೆ ಮುಂದಿನ ದಿನಗಳಲ್ಲಿ ಬೆಲೆ ಇದೆ. ನಿಮ್ಮದೇ ತಾಲ್ಲೂಕಿನ ನಂದಿಹಳ್ಳಿ ಸ್ನಾತಕೋತ್ತರ ಕೇಂದ್ರದಲ್ಲಿ ಖನಿಜ ಸಂಸ್ಕರಣೆಯನ್ನು ಕಲಿಸುತ್ತಾರೆ. ಮುಂದೆ ಓದುವ ಮನಸ್ಸಿದ್ದರೆ ಪ್ರವೇಶದ ಅರ್ಹತೆಯನ್ನು ಅಲ್ಲಿಯೇ ಹೋಗಿ ವಿಚಾರಿಸಲಿ. ಮತ್ತೆ ಟಿಪ್ಪರ್ ಕೊಳ್ಳುವ ಮಾತು ಬಂದರೆ ಮಾತ್ರ ಕಟ್ಟುನಿಟ್ಟಾಗಿ ಬೇಡ ಎನ್ನಿ.

ಪ್ರಶ್ನೆ: ನಾನು ಗ್ರಾಮ ಪಂಚಾಯಿತಿ ಸದಸ್ಯೆ. ಡಿಎಂಎಫ್ (ಜಿಲ್ಲಾ ಖನಿಜ ಪ್ರತಿಷ್ಠಾನ) ಹಣದಲ್ಲಿ ಸಿಸಿ ರಸ್ತೆ, ಸಮುದಾಯ ಭವನ, ಸ್ವಾಗತ ಕಮಾನು ಆಗಿವೆ. ಜನರಿಗೂ ಅದೇ ಬೇಕು. ಗಣಿ ಇಲ್ಲದ ದಿನಕ್ಕೆ ಉಪಯೋಗವಾಗುವಂತೆ ಏನು ಕೇಳಬೇಕು?

ಉತ್ತರ: ಕಮಾನಿನ ಬಗ್ಗೆ ನೀವೇ ಬರೆದಿರುವುದು ಸಂತೋಷ. ಅದಿರಿನ ಹಣ ಆದಾಯವಲ್ಲ, ಆಸ್ತಿ ಮಾರಿ ಬಂದ ದುಡ್ಡು. ಹೊಲ ಮಾರಿದ ಹಣದಲ್ಲಿ ಯಾರಾದರೂ ಊರ ಬಾಗಿಲಿಗೆ ಕಮಾನು ಕಟ್ಟಿಸುತ್ತಾರೆಯೇ?

2015ರ ಕಾನೂನು ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನ ಬಂತು. ಹಳೆಯ ಗುತ್ತಿಗೆದಾರರು ರಾಜಧನದ (ಅದಿರು ತೆಗೆದದ್ದಕ್ಕೆ ಸರ್ಕಾರಕ್ಕೆ ಕಟ್ಟುವ ಹಣ) ಶೇ 30ರಷ್ಟನ್ನು, ಹರಾಜಿನಲ್ಲಿ ಗಣಿ ಪಡೆದವರು ಶೇ 10ರಷ್ಟನ್ನು ಹೆಚ್ಚುವರಿಯಾಗಿ ಅದಕ್ಕೆ ಕಟ್ಟಬೇಕು. 2024ರ ಹೊಸ ಮಾರ್ಗಸೂಚಿಯ ಪ್ರಕಾರ ಕನಿಷ್ಠ ಶೇ 70ರಷ್ಟು ಹಣ ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಕೌಶಲ, ಜೀವನೋಪಾಯದಂತಹ ಆದ್ಯತೆಯ ಕೆಲಸಗಳಿಗೆ ಹೋಗಬೇಕು. ನೇರವಾಗಿ ಬಾಧಿತವಾದ ಪ್ರದೇಶಕ್ಕೂ ಕನಿಷ್ಠ ಶೇ 70ರಷ್ಟು ಸಲ್ಲಬೇಕು. ಗಣಿಯಿಂದ 15 ಕಿಲೋಮೀಟರ್ ಒಳಗಿನ ಊರುಗಳು ಈ ಲೆಕ್ಕಕ್ಕೆ ಬರುತ್ತವೆ. ಗಣಿ ನಿಂತ ಮೇಲಿನ ಜೀವನೋಪಾಯಕ್ಕೆಂದು ಒಂದು ಪಾಲನ್ನು ಶಾಶ್ವತ ನಿಧಿಯಾಗಿ ತೆಗೆದಿಡಲೂ ಅವಕಾಶವಿದೆ. ಆ ನಿಧಿಯ ಮಾತನ್ನು ಗ್ರಾಮಸಭೆಯಲ್ಲಿ ಎತ್ತಿ, ನಿರ್ಣಯ ಬರೆಸಿ, ಜಿಲ್ಲಾಧಿಕಾರಿಗೆ ಕಳುಹಿಸಿ. ಗೋವಾದಲ್ಲಿ 2014ರಲ್ಲಿ ಸುಪ್ರೀಂ ಕೋರ್ಟೇ ಅದಿರು ಮಾರಾಟದ ಶೇ 10ರಷ್ಟನ್ನು ಶಾಶ್ವತ ನಿಧಿಗೆ ಹಾಕಬೇಕೆಂದು ಹೇಳಿದೆ. ಕೇಳುವುದರಲ್ಲಿ ತಪ್ಪಿಲ್ಲ. ಇದರ ಹೊರತಾಗಿ, ಬಳ್ಳಾರಿ, ವಿಜಯನಗರ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಬಾಧಿತ ಊರುಗಳಿಗಾಗಿ ಸುಮಾರು 25 ಸಾವಿರ ಕೋಟಿ ರೂಪಾಯಿಗಳ ಪುನಶ್ಚೇತನ ಯೋಜನೆಯೂ ಇದೆ. ಎರಡೂ ಕಡೆ ಒಂದೇ ಕೆಲಸವನ್ನು ಬರೆಸಿ ಹಣ ಕಳೆಯದಂತೆ ನೋಡಿಕೊಳ್ಳಿ.

ಏನು ಕೇಳಬೇಕು ಎಂಬುದಕ್ಕೆ ನನ್ನ ಉತ್ತರ ಕೆಜಿಎಫ್‌ನಿಂದ ಬರುತ್ತದೆ. 1902ರಲ್ಲಿಯೇ ಶಿವನಸಮುದ್ರದ ವಿದ್ಯುತ್ ಕಂಡ ಊರದು. ಬೇತಮಂಗಲದ ನೀರು, ಆಸ್ಪತ್ರೆ, ಕಾರ್ಮಿಕರ ಮನೆ ಎಲ್ಲವೂ ಗಣಿ ಕಂಪನಿಯ ಆಶ್ರಯದಲ್ಲಿದ್ದವು. ಕಂಪನಿ ಮುಚ್ಚಿದಾಗ ಅವೆಲ್ಲವೂ ಒಟ್ಟಿಗೆ ಅನಾಥವಾದವು. ಜಮೀನು ಕೇಂದ್ರ ಸರ್ಕಾರದ ಕಂಪನಿಯ ಹೆಸರಿನಲ್ಲಿಯೇ ಸಿಕ್ಕಿಹಾಕಿಕೊಂಡಿತು. 1960ರ ದಶಕದಲ್ಲಿ ಅಲ್ಲಿಗೆ ಬಂದ, ಭಾರಿ ಯಂತ್ರ ತಯಾರಿಸುವ ಬೆಮೆಲ್ ಕಾರ್ಖಾನೆ ಇರದಿದ್ದರೆ ಸ್ಥಿತಿ ಇನ್ನೂ ಕೆಡುತ್ತಿತ್ತು. ಉಳಿದವರು ಇಂದಿಗೂ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಕುದುರೆಮುಖದಲ್ಲಿ ಕಂಪನಿ ಬದುಕಿತು, ಊರು ಪಾಳು ಬಿತ್ತು. ಕಂಪನಿ ಮಂಗಳೂರಿನ ಪೆಲೆಟ್ (ಅದಿರಿನ ಪುಡಿಯ ಉಂಡೆ) ಘಟಕವನ್ನು ಬೇರೆಡೆಯ ಅದಿರಿನಲ್ಲಿ ನಡೆಸಿತು. ಈಗ ನಿಮ್ಮ ತಾಲ್ಲೂಕಿನ ದೇವದಾರಿ ಬೆಟ್ಟದ ಮೇಲೆ ಕಣ್ಣಿಟ್ಟಿರುವುದು ಅದೇ ಕಂಪನಿ.

ಆದ್ದರಿಂದ ಗಣಿ ಕಂಪನಿ ನಡೆಸುತ್ತಿರುವ ಶಾಲೆ, ಆಸ್ಪತ್ರೆ, ನೀರಿನ ಟ್ಯಾಂಕರ್ ಯಾವುವು ಎಂದು ಮೊದಲು ಪಟ್ಟಿ ಮಾಡಿ. ಅವು ಪಂಚಾಯಿತಿ ಅಥವಾ ಸರ್ಕಾರದ ಕೈಗೆ ಯಾವಾಗ, ಯಾವ ಹಣದೊಂದಿಗೆ ಬರುತ್ತವೆ ಎಂಬುದನ್ನು ಗಣಿ ನಡೆಯುತ್ತಿರುವಾಗಲೇ ಬರವಣಿಗೆಯಲ್ಲಿ ಪಡೆಯಿರಿ. ಮುಚ್ಚಿದ ಮೇಲೆ ಕೇಳಿದರೆ ಉತ್ತರ ಕೊಡಲು ಅಲ್ಲಿ ಕಾವಲುಗಾರನ ಹೊರತು ಯಾರೂ ಇರುವುದಿಲ್ಲ. ಪ್ರತಿ ಗಣಿಗೂ ಗಣಿ ಮುಚ್ಚುವ ಯೋಜನೆ ಇರಬೇಕೆಂಬ ನಿಯಮವಿದೆ. ಅದರ ಪ್ರತಿಯನ್ನು ತರಿಸಿಕೊಂಡು, ತ್ಯಾಜ್ಯದ ಗುಡ್ಡ ಮಳೆಗಾಲದಲ್ಲಿ ಯಾರ ಹೊಲಕ್ಕೆ ಇಳಿಯುತ್ತದೆ, ಗುಂಡಿಯಲ್ಲಿ ನಿಂತ ನೀರಿನ ಮೇಲೆ ಯಾರಿಗೆ ಹಕ್ಕು ಎಂದು ಓದಿ ನೋಡಿ.

ಜರ್ಮನಿಯ ರೂರ್ ಪ್ರದೇಶವನ್ನು ಎಲ್ಲರೂ ಮಾದರಿ ಎನ್ನುತ್ತಾರೆ. ಅಲ್ಲಿ ಕಲ್ಲಿದ್ದಲಿಗೆ ಕಷ್ಟ ಶುರುವಾದದ್ದು 1950ರ ದಶಕದ ಕೊನೆಗೆ, ಕೊನೆಯ ಗಣಿ ಮುಚ್ಚಿದ್ದು 2018ರಲ್ಲಿ. ಅರವತ್ತು ವರ್ಷದ ಅವಧಿ, ಶ್ರೀಮಂತ ಸರ್ಕಾರದ ಬೆಂಬಲ ಎರಡೂ ಅವರಿಗಿದ್ದವು. ಆದರೂ ಬೋಖುಮ್ ನಗರಕ್ಕೆ ಗಣಿಯ ಬದಲಿಗೆಂದು ಬಂದ ಓಪೆಲ್ ಕಾರಿನ ಕಾರ್ಖಾನೆ 2014ರಲ್ಲಿ ಬಾಗಿಲು ಹಾಕಿತು, ನೋಕಿಯಾ ಅದಕ್ಕೂ ಮೊದಲೇ ಹೋಗಿತ್ತು. 1965ರಲ್ಲಿ ಅದೇ ಊರಿನಲ್ಲಿ ಪಾಠ ಆರಂಭಿಸಿದ ವಿಶ್ವವಿದ್ಯಾಲಯ ಮಾತ್ರ ಎಲ್ಲಿಗೂ ಹೋಗಿಲ್ಲ. ನಿಮ್ಮ ಪಂಚಾಯಿತಿಯ ಮಟ್ಟದಲ್ಲಿ ಇದರ ಅರ್ಥ: ಒಂದು ಸಮುದಾಯ ಭವನದ ಬದಲು ಹೆಣ್ಣುಮಕ್ಕಳ ಹಾಸ್ಟೆಲ್, ಐಟಿಐಗೆ ಹೊಸ ಯಂತ್ರ, ಹೂಳು ತೆಗೆದ ಕೆರೆ. ಕೆಂಧೂಳು ಕುಡಿದ ಹೊಲಕ್ಕೆ ಕೆರೆಯ ನೀರಿಲ್ಲದೆ ಬೇಸಾಯ ಮರಳುವುದಿಲ್ಲ.

ಪ್ರಶ್ನೆ: ಪ್ರವಾಸೋದ್ಯಮ ಮತ್ತು ಲಂಬಾಣಿ ಕಸೂತಿ ಸಂಡೂರಿನ ಗಣಿಗೆ ಬದಲಿಯಾಗಬಲ್ಲವೇ?

ಉತ್ತರ: ಬದಲಿಯಾಗಲಾರವು. ಕುಮಾರಸ್ವಾಮಿ ದೇವಸ್ಥಾನ, ನಾರಿಹಳ್ಳ, ಮಳೆಗಾಲದ ಹಸಿರು ಬೆಟ್ಟ ನೋಡಲು ಜನ ಬರುತ್ತಾರೆ, ಹಂಪಿಯೂ ಹತ್ತಿರವಿದೆ. ಬಂದವರು ಸಂಜೆಗೆ ಹೊಸಪೇಟೆಗೆ ಹಿಂತಿರುಗಿದರೆ ಸಂಡೂರಿಗೆ ಉಳಿಯುವುದು ಚಹಾದ ದುಡ್ಡು.

ಕಸೂತಿಯ ಮಾತು ಸ್ವಲ್ಪ ಬೇರೆ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತು ಇದೆ. 2023ರಲ್ಲಿ ಹಂಪಿಯ ಜಿ20 ಸಭೆಯಲ್ಲಿ 450ಕ್ಕೂ ಹೆಚ್ಚು ಮಹಿಳೆಯರು ಹೊಲಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಮಾಡಿತು. ಗಣಿಯ ಕೂಲಿ ಬಹುಪಾಲು ಗಂಡಸರ ಕೈಗೆ ಹೋಗುವ ಊರಿನಲ್ಲಿ ಹೆಂಗಸರ ಕೈಗೆ ನೇರವಾಗಿ ಬರುವ ದುಡ್ಡು ಇದು, ಹಾಗಾಗಿ ಮೊತ್ತ ಚಿಕ್ಕದಾದರೂ ನಾನು ಇದನ್ನು ಚಿಕ್ಕದೆನ್ನುವುದಿಲ್ಲ. ದಾಖಲೆಯಿಂದ ಆರ್ಡರ್ ಬರುವುದಿಲ್ಲ. ವರ್ಷವಿಡೀ ಕೊಳ್ಳುವವರು, ಸಮಯಕ್ಕೆ ಸಿಗುವ ಬಟ್ಟೆ ಮತ್ತು ದಾರ, ಹೊಲಿಗೆಯ ಗಂಟೆಗಳಿಗೆ ತಕ್ಕ ದರ ಬೇಕು. ಇವುಗಳಿಗೆ ಡಿಎಂಎಫ್‌ನ ಜೀವನೋಪಾಯದ ಬಾಬ್ತಿನಲ್ಲಿ ಅರ್ಜಿ ಹಾಕಬಹುದು. ಅರ್ಜಿಯನ್ನು ಸ್ವಸಹಾಯ ಸಂಘದ ಹೆಸರಿನಲ್ಲಿ, ಪಂಚಾಯಿತಿಯ ನಿರ್ಣಯದ ಜೊತೆ ಕೊಡಿ.