ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಬೇರೆ ಪಕ್ಷದವರ ವೋಟೂ ಹೇಗೆ ಬೀಳುತ್ತದೆ?

ಕರ್ನಾಟಕದಲ್ಲಿ ಈ ಚುನಾವಣೆ ಪಕ್ಷದ ಚಿಹ್ನೆ ಮೇಲೆ ನಡೆಯುವುದೇ ಇಲ್ಲ, ಅದಕ್ಕೆ. ಕಮಲ, ಕೈ, ತೆನೆ ಹೊತ್ತ ಮಹಿಳೆ ಯಾವುದೂ ಬ್ಯಾಲೆಟ್‌ನಲ್ಲಿ ಇರುವುದಿಲ್ಲ. ಸುಮಾರು 400 ಜನಕ್ಕೆ ಒಬ್ಬ ಸದಸ್ಯ. ನಿಂತವರು ಯಾರ ಮಗ, ಯಾರ ಸೊಸೆ ಅಂತ ಊರಿಗೆಲ್ಲ ಗೊತ್ತು.

ಇನ್ನೊಂದು ಸೂಕ್ಷ್ಮ ಇದೆ. ಎಷ್ಟೋ ಕ್ಷೇತ್ರಗಳಲ್ಲಿ ಎರಡು-ಮೂರು ಸೀಟು ಇರುತ್ತವೆ. ಮೂರು ಸೀಟಿದ್ದರೆ ಪ್ರತಿ ಮತದಾರರಿಗೂ ಮೂರು ವೋಟು, ಆದರೆ ಒಬ್ಬರಿಗೆ ಒಂದೇ ಹಾಕಬಹುದು. ಹಾಗಾಗಿ ಅಭ್ಯರ್ಥಿ ಜಗಲಿ ಮೇಲೆ ಕೂತು, ‘ಎರಡು ನಿಮ್ಮವರಿಗೇ ಹಾಕಿ ಗೌಡ್ರೇ, ಒಂದು ನನಗಿರಲಿ’ ಅಂತಾರೆ. ಪಕ್ಷ ಬಿಡದೆ ಕೊಡಬಹುದಾದ ವೋಟು, ಇಲ್ಲ ಅನ್ನೋದು ಕಷ್ಟ ಅಲ್ವಾ?

ಗೆದ್ದವರಲ್ಲಿ ಜಾಸ್ತಿ ಜನ ನಮ್ಮವರೇ ಅಂತ ಆಮೇಲೆ ಎಲ್ಲ ಪಕ್ಷಗಳೂ ಲೆಕ್ಕ ಕೊಡುತ್ತವೆ, ಅದು ಬೇರೆ ತಮಾಷೆ.